ಅಂಗಸಾಧನೆಯೂ ಅಂಗರಕ್ಷಣೆಯೂ

ದೀಪಾವಳಿಯ ಪಾಡ್ಯವು ಕಳೆದೊಡನೆ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬದ ಸಡಗರವು ಮೊದಲಾಗುವುದೆಂಬುದು ಆ ಪ್ರಾಂತದ ವಾಚಕರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಕೊರಳಲ್ಲಿ ಕೊಬ್ಬರಿಯ ಮಾಲೆ, ಕೊಂಬುಗಳಿಗೆ ಬಣ್ಣದ ರಿಬ್ಬನ್ನು, ಬಲೂನು ಇವುಗಳಿಂದ ಅಲಂಕೃತವಾದ ಹೋರಿಯು ಜನಸಂದಣಿಯ ನಡುವೆ ಬಾಣದಂತೆ ಓಡುವುದು. ಹರೆಯದವರು ಮೈಮೇಲೆ ಬಿದ್ದು ಕೊಬ್ಬರಿಯನ್ನು ಹರಿದುಕೊಳ್ಳುವರು. ನೋಡುವುದಕ್ಕೆ ರೋಮಾಂಚಕರವಾದ ಆಟವೇ ಸರಿ. ಆದರೆ ಈ ಆಟದಲ್ಲಿ ಗಾಯಗೊಂಡವರಿದ್ದಾರೆ. ಪ್ರಾಣಹಾನಿಯಾದ ವರ್ಷಗಳೂ ಉಂಟು. ಇನ್ನು ಗಟ್ಟಿ ನೆಲದ ಮೇಲೆ ಕಬಡ್ಡಿಯಾಡಿ ಮೊಣಕಾಲನ್ನು ತಿರುಚಿಕೊಂಡ ಹುಡುಗನೂ, ಖೊಖೊ ಆಟದಲ್ಲಿ ಪಾದವನ್ನು ಉಳುಕಿಸಿಕೊಂಡ ಹುಡುಗಿಯೂ ಎಲ್ಲ ಊರುಗಳಲ್ಲಿಯೂ ಕಾಣಸಿಗುವರು. ಇದನ್ನೆಲ್ಲ ಹಣೆಯ ಬರಹವೆಂದು ಸುಮ್ಮನಾಗುವುದು ನಮ್ಮ ವಾಡಿಕೆ. ಇಂಥ ಗಾಯಗಳಲ್ಲಿ ಎಷ್ಟೋ ತಪ್ಪಿಸಬಹುದಾದುವೆಂದು ತೋರಿಸಿಕೊಡುವ ಶಾಸ್ತ್ರವೊಂದು ಬೆಳೆದಿರುವುದನ್ನೂ, ಅದನ್ನು ಓದಿ, ಓದಿಸಿ, ಅದರಿಂದಲೇ ಜೀವನ ಸಾಗಿಸುವ ವಿದ್ವಾಂಸರಿರುವುದನ್ನೂ ನಮ್ಮ ಗೃಹಸ್ಥರಲ್ಲಿ ಅನೇಕರು ಅರಿಯರು.

ಈ ಶಾಸ್ತ್ರವು ಪಶ್ಚಿಮದಿಂದ ಬಂದ ಹೊಸ ಸರಕೆಂದು ಭಾವಿಸಬೇಕಾಗಿಲ್ಲ. ಹಾನಗಲ್ಲಿನ ಕದಂಬರು ಯಾರ ಮಾಂಡಲಿಕರಾಗಿದ್ದರೋ ಆ ಕಲ್ಯಾಣದ ಚಾಲುಕ್ಯರ ವಂಶದಲ್ಲಿ ಮೂರನೆಯ ಸೋಮೇಶ್ವರನೆಂಬ ಅರಸನಿದ್ದನು. ‘ಭೂಲೋಕಮಲ್ಲ’ನೆಂಬುದು ಆತನ ಬಿರುದು. ಕ್ರಿ. ಶ. 1129ರ ಸುಮಾರಿಗೆ ಆತನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವಿದೆ. ಮಲ್ಲರನ್ನು ಜ್ಯೇಷ್ಠಿಕ, ಅಂತರ್ಜ್ಯೇಷ್ಠಿಕ, ಗೋವಲ ಎಂದು ತರಗತಿಗಳಾಗಿ ವಿಂಗಡಿಸಿ, ಅವರ ಆಹಾರವನ್ನು ಹೇಳಿ, ಭಾರವನ್ನೆತ್ತುವ ಭಾರಶ್ರಮ, ನಡೆದಾಡುವ ಭ್ರಮಣಶ್ರಮ, ಈಜುವ ಸಲಿಲಶ್ರಮ, ಕಂಬವನ್ನೇರುವ ಸ್ತಂಭಶ್ರಮ ಮೊದಲಾದ ಅಭ್ಯಾಸಗಳನ್ನು ಅಲ್ಲಿ ವಿವರಿಸಲಾಗಿದೆ. ಸರಿಸಮಾನರನ್ನೇ ಸೆಣಸಾಟಕ್ಕೆ ಬಿಡುವುದು, ಮೈಯನ್ನು ಬಗೆಬಗೆಯ ಶ್ರಮಗಳಿಂದ ಹದಗೊಳಿಸುವುದು ಇವೆರಡೂ ಗಾಯವನ್ನು ತಡೆಯುವ ಉಪಾಯಗಳೇ. ಪರದೇಶದಲ್ಲಿ ಇದಕ್ಕೂ ಹಿಂದೆ, ಕ್ರಿ. ಶ. 157ರಲ್ಲಿ, ಗೇಲನನೆಂಬ ಗ್ರೀಕ ವೈದ್ಯನು ಪೆರ್ಗಮಮ್ ನಗರದ ಕತ್ತಿಕಾಳಗದವರಿಗೆ ವೈದ್ಯನಾಗಿ ನೇಮಿಸಲ್ಪಟ್ಟನು.

ನಮ್ಮ ಗರಡಿಯ ಮನೆಗಳ ವಸ್ತಾದರು ಗ್ರಂಥಗಳನ್ನು ಓದಿದವರಲ್ಲದಿದ್ದರೂ ವಿಷಯವನ್ನು ಬಲ್ಲವರಾಗಿದ್ದರು. ಕಣದ ಕೆಮ್ಮಣ್ಣನ್ನು ಅಗೆದು, ಸಾಣಿಸಿ, ಎಣ್ಣೆ, ಮಜ್ಜಿಗೆ, ಅರಿಸಿನಗಳನ್ನು ಬೆರೆಸಿ ಮೃದುವಾಗಿಡುತ್ತಿದ್ದುದು ಕೇವಲ ಪೂಜಾಭಾವದಿಂದಲ್ಲ. ಬಿದ್ದವನ ಎಲುಬು ಉಳಿಯಲೆಂದು. ದಂಡ, ಬೈಠಕ್ಕುಗಳಿಂದ ಮೈ ಕಾವೇರದೆ ಹುಡುಗನನ್ನು ಕಣಕ್ಕಿಳಿಸುತ್ತಿರಲಿಲ್ಲ. ಮೈಸೂರು ಸೀಮೆಯ ಜೆಟ್ಟಿಗಳಂತೂ ಕುಸ್ತಿಯಲ್ಲಿ ಹೇಗೋ ಹಾಗೆಯೇ ತಪ್ಪಿದ ಕೀಲನ್ನು ಕೂಡಿಸುವುದರಲ್ಲಿಯೂ ಹೆಸರಾಗಿದ್ದರು. ಆದರೆ ಈ ವಿದ್ಯೆಯು ವಸ್ತಾದನೊಡನೆಯೇ ಮಣ್ಣಾಗುತ್ತಿತ್ತು. ಬರೆದಿಟ್ಟು, ಪರೀಕ್ಷಿಸಿ, ತಪ್ಪಿದ್ದಲ್ಲಿ ತಿದ್ದಿ ಮುಂದಿನವರಿಗೆ ಒಪ್ಪಿಸುವ ಕ್ರಮ ಅಲ್ಲಿರಲಿಲ್ಲ.

ಆ ಕ್ರಮವು ಬಂದುದು ವಿದ್ಯಾಲಯಗಳಿಂದ. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬ ಅಮೇರಿಕದ ಗೃಹಸ್ಥನು ಮದರಾಸಿನಲ್ಲಿ ವೈ. ಎಂ. ಸಿ. ಏ. ಸಂಸ್ಥೆಯ ವ್ಯಾಯಾಮ ಶಿಕ್ಷಣದ ಕಾಲೇಜನ್ನು ತೆರೆದನು. ಧಾರವಾಡ ಜಿಲ್ಲೆಯು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತಷ್ಟೇ. ಆ ಪ್ರಾಂತದ ಶಿಕ್ಷಕರಿಗೆ 1938ರಲ್ಲಿ ಕಾಂದಿವಲಿಯ ತರಬೇತಿ ಸಂಸ್ಥೆ ದೊರೆಯಿತು. ಹುಬ್ಬಳ್ಳಿಯ ಡಾ. ನಾ. ಸು. ಹರ್ಡೀಕರರು ವೈದ್ಯರಾಗಿದ್ದೂ 1923ರಲ್ಲಿ ಸೇವಾದಳವನ್ನು ಕಟ್ಟಿ ತರುಣರಿಗೆ ಕವಾಯತು ಕಲಿಸಿದುದನ್ನು ಇಲ್ಲಿ ನೆನೆಯದಿರಲಾಗದು. ಮುಂದೆ 1957ರಲ್ಲಿ ಗ್ವಾಲಿಯರದ ಕಾಲೇಜು, 1961ರಲ್ಲಿ ಪಟಿಯಾಲೆಯ ರಾಷ್ಟ್ರೀಯ ಕ್ರೀಡಾಸಂಸ್ಥೆ ಹುಟ್ಟಿದುವು. ಅಮೇರಿಕದಲ್ಲಿ 1950ರಲ್ಲಿಯೇ ಕ್ರೀಡಾಪಟುಗಳ ಅಂಗರಕ್ಷಕ ಶಿಕ್ಷಕರೆಲ್ಲ ಸೇರಿ ತಮ್ಮದೊಂದು ಸಂಘವನ್ನು ಸ್ಥಾಪಿಸಿಕೊಂಡಿದ್ದರು.

ಈ ವಿದ್ವಾಂಸರ ಕೆಲಸವೇನು? ಮೊಟ್ಟಮೊದಲಿನದು ಎಣಿಕೆ. 1992ರಲ್ಲಿ ಹಾಲೆಂಡಿನ ವಾನ್ ಮೆಕೆಲೆನ್ ಎಂಬವರು ಮತ್ತು ಅವರ ಸಂಗಡಿಗರು ಇದಕ್ಕೊಂದು ದಾರಿಯನ್ನು ಹಾಕಿಕೊಟ್ಟರು. ಯಾವ ಆಟದಲ್ಲಿ ಎಷ್ಟು ಜನರಿಗೆ ಎಂಥ ಪೆಟ್ಟಾಯಿತೆಂದು ಲೆಕ್ಕವಿಡಬೇಕು. ಅದಕ್ಕೆ ಕಾರಣವನ್ನು ಹುಡುಕಬೇಕು. ತಡೆಯುವ ಉಪಾಯವನ್ನು ಆಚರಣೆಗೆ ತರಬೇಕು. ತರುವಾಯ ಪುನಃ ಎಣಿಸಿ ಗಾಯಗಳು ಕಡಮೆಯಾದುವೋ ಇಲ್ಲವೋ ನೋಡಬೇಕು. ಮನೆಯ ಖರ್ಚಿನ ಲೆಕ್ಕ ಬರೆಯುವ ಗೃಹಿಣಿಗೆ ಇದರಲ್ಲಿ ಹೊಸದೇನೂ ತೋರಲಿಕ್ಕಿಲ್ಲ! ಆದರೂ ಇದರ ಫಲವು ದೊಡ್ಡದು. ನಾರ್ವೆ ದೇಶದಲ್ಲಿ 13ರಿಂದ 17 ವರ್ಷದ ಕಾಲ್ಚೆಂಡಾಟದ ಹುಡುಗಿಯರಿಗೆ ಆಟಕ್ಕೆ ಮುಂಚೆ ಸುಮಾರು 20 ನಿಮಿಷಗಳ ಅಭ್ಯಾಸವನ್ನು ಗೊತ್ತುಮಾಡಿದರು: ಮೆಲ್ಲಗೆ ಓಟ, ತೊಡೆಗೂ ನಡುವಿಗೂ ಬಲ ತರುವ ಸಾಮು, ಒಂಟಿ ಕಾಲಿನ ನಿಲುವು, ನೆಗೆದು ಮೊಣಕಾಲನ್ನು ಬಗ್ಗಿಸಿ ಇಳಿಯುವ ರೂಢಿ. 2008ರಲ್ಲಿ ಪ್ರಕಟವಾದ ಪರಿಣಾಮದಂತೆ ಗಾಯಗಳು ಸುಮಾರು ಮೂರರಲ್ಲೊಂದು ಪಾಲು ಇಳಿದಿದ್ದುವು. ಇದಕ್ಕೆ ಯಂತ್ರ ಬೇಡ, ಹಣ ಬೇಡ. ಸವಣೂರಿನ ಶಾಲೆಯ ಬಯಲೇ ಸಾಕು. ಮೊಣಕಾಲಿನೊಳಗಣ ಮುಖ್ಯ ಕಟ್ಟು ಹರಿಯುವ ಭಯವು ಹುಡುಗರಿಗಿಂತ ಹುಡುಗಿಯರಿಗೆ ಹೆಚ್ಚೆಂದು ಕಂಡುಬಂದಿರುವುದರಿಂದ, ಮಗಳನ್ನು ಆಟದಿಂದ ಬಿಡಿಸುವ ತಾಯಿತಂದೆಗಳು ಬಿಡಿಸುವುದರ ಬದಲು ಈ ಅಭ್ಯಾಸವನ್ನು ಶಾಲೆಯಲ್ಲಿ ಕೇಳಿ ಪಡೆಯುವುದು ಮೇಲೆಂದು ನನ್ನ ಅಭಿಪ್ರಾಯ.

ಶಾಸ್ತ್ರವು ತನ್ನ ಮಾತನ್ನೂ ತಿದ್ದಿಕೊಳ್ಳುತ್ತದೆ. ಉಳುಕಿಗೆ ವಿಶ್ರಾಂತಿ, ಮಂಜುಗಡ್ಡೆ, ಪಟ್ಟಿ, ಕಾಲನ್ನು ಎತ್ತಿಡುವುದು ಎಂಬ ಸೂತ್ರವನ್ನು 1978ರಲ್ಲಿ ಪ್ರಚುರಪಡಿಸಿದ ಅಮೇರಿಕದ ವೈದ್ಯ ಗೇಬ್ ಮರ್ಕಿನ್ನರೇ, ಬಹಳ ಹೊತ್ತಿನ ಮಂಜುಗಡ್ಡೆಯು ಮಾಯುವುದನ್ನು ತಡಮಾಡಬಹುದೆಂದು 2014ರಲ್ಲಿ ಬರೆದರು. ನೋವಿನ ಶಮನಕ್ಕೆ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಇಟ್ಟರೆ ಸಾಕು. ಮೊದಲ ಎರಡು ಮೂರು ದಿನ ಬಿಸಿ ಎಣ್ಣೆ ಹಚ್ಚಿ ತಿಕ್ಕುವುದನ್ನಂತೂ ಬಿಡತಕ್ಕದ್ದು. ನಮ್ಮ ಅಜ್ಜಿಯರಿಗೆ ಈ ಮಾತು ರುಚಿಸದು. ಪಾದ ಉಳುಕಿದವನು ನಾಲ್ಕು ಹೆಜ್ಜೆ ನಡೆಯಲಾರದೆ ಹೋದರೆ ಎಕ್ಸ್‌ರೇ ತೆಗೆಸಬೇಕು. ಬಿದಿರಿನ ದಬ್ಬೆಯಿಂದ ಬಿಗಿಯಾಗಿ ಕಟ್ಟಿದ ಕೈಯ ಬೆರಳುಗಳು ತಣ್ಣಗಾಗಿ, ನೀಲಿಗಟ್ಟಿ, ಜೋಮು ಹಿಡಿದರೆ ಆ ಕ್ಷಣವೇ ಕಟ್ಟನ್ನು ಸಡಿಲಿಸಿ ಆಸ್ಪತ್ರೆಗೆ ಒಯ್ಯಬೇಕು. ಬೆಳಗಾಗಲೆಂದು ಕಾದರೆ ಕೈಯೇ ಹೋದೀತು. ತಲೆಗೆ ಪೆಟ್ಟು ಬಿದ್ದು ಮಂಕಾದ ಹುಡುಗನನ್ನು ಆ ದಿನ ಮತ್ತೆ ಆಟಕ್ಕೆ ಬಿಡಕೂಡದು.

ಮಕ್ಕಳನ್ನು ಈ ವಿದ್ಯೆಗೆ ಹಚ್ಚಬೇಕೆನ್ನುವವರಿಗೆ ಎರಡು ದಾರಿಗಳುಂಟು. ಪದವಿಯ ತರುವಾಯ ಬಿ. ಪಿ. ಎಡ್., ಎಂ. ಪಿ. ಎಡ್. ಓದಿ, ನೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸಂಶೋಧನ ಪ್ರಬಂಧವನ್ನು ಬರೆದು ಕಾಲೇಜಿನ ಅಧ್ಯಾಪಕರಾಗುವುದು ಒಂದು. ಇದಕ್ಕೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಹತ್ತಿರ. ಪಿ. ಯು. ಸಿ.ಯಲ್ಲಿ ವಿಜ್ಞಾನವನ್ನೋದಿ ಫಿಜಿಯೊಥೆರಪಿಯ ಪದವಿ ಪಡೆದು, ಆ ಬಳಿಕ ಕ್ರೀಡಾವಿಭಾಗದಲ್ಲಿ ಉಚ್ಚ ಶಿಕ್ಷಣ ಹೊಂದುವುದು ಮತ್ತೊಂದು. ಇದಕ್ಕೆ ಧಾರವಾಡ, ಬೆಳಗಾವಿಗಳಲ್ಲಿ ಕಾಲೇಜುಗಳಿವೆ. ಎರಡೂ ದೀರ್ಘವಾದ ದಾರಿಗಳು; ಬೇಗನೆ ಸಂಬಳ ಬರಬೇಕೆಂಬ ಮನೆಗೆ ಒಗ್ಗಲಾರವು.

ಇನ್ನು ಸಂಶೋಧನೆಗೆ ವಿಷಯವನ್ನು ಹುಡುಕುತ್ತ ದೂರ ಹೋಗಬೇಕಾಗಿಲ್ಲ. 2014ರಲ್ಲಿ ಸುಪ್ರೀಮ್ ಕೋರ್ಟು ಜಲ್ಲಿಕಟ್ಟು ಮೊದಲಾದ ಪಶುಕ್ರೀಡೆಗಳಿಗೆ ತಡೆ ಹಾಕಿತು. 2017ರಲ್ಲಿ ಕರ್ನಾಟಕವು ಕಂಬಳಕ್ಕೂ ಎತ್ತಿನ ಓಟಕ್ಕೂ ಅನುಕೂಲವಾಗುವಂತೆ ಕಾಯಿದೆಯನ್ನು ತಿದ್ದಿತು. 2023ರ ಮೇ 18ರಂದು ಅದೇ ನ್ಯಾಯಾಲಯವು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಹೋರಿಯ ಹಬ್ಬವಂತೂ ನಡೆಯುತ್ತಲೇ ಇದೆ. ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಸ್ಥಾಪಿತವಾದ ಜಾನಪದ ವಿಶ್ವವಿದ್ಯಾಲಯವಿದೆ. ಹಬ್ಬದ ದಿನ ಬೇಲಿಯ ಬಳಿ ಒಬ್ಬ ವಿದ್ಯಾರ್ಥಿಯು ವಹಿಯೊಂದನ್ನು ಹಿಡಿದು ಕುಳಿತು, ಗಾಯಗೊಂಡವನು ಹೋರಿ ಹಿಡಿಯುವವನೋ ನೋಡಲು ಬಂದವನೋ, ಅವನ ವಯಸ್ಸೆಷ್ಟು, ನಿಂತಿದ್ದ ಜಾಗ ಯಾವುದು, ಪೆಟ್ಟು ಎಲ್ಲಿಗೆ, ಆಸ್ಪತ್ರೆ ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದುಕೊಂಡರೆ, ಮರುವರ್ಷ ಬೇಲಿಯನ್ನು ಎಷ್ಟು ದೂರ ಸರಿಸಬೇಕು, ಆಂಬುಲೆನ್ಸನ್ನು ಯಾವ ತುದಿಯಲ್ಲಿ ನಿಲ್ಲಿಸಬೇಕೆಂಬುದು ಪಂಚಾಯತಿಯವರಿಗೆ ಆ ವಹಿಯಿಂದಲೇ ತಿಳಿದೀತು.