ತುರಿಕೆ ಎಲ್ಲಾ ಒಂದೇ ಅಲ್ಲ, ಮುಲಾಮೂ ಒಂದೇ ಆಗಬಾರದು

ಎಮ್ಮೆ ಮೈಮೇಲೆ ಒಂದು ಗಂಟು ಕಂಡರೆ ಅವತ್ತೇ ದನದ ಡಾಕ್ಟರಿಗೆ ಹೇಳಿ ಕಳಿಸುತ್ತೇವೆ. ನಮ್ಮ ಮೈಗೆ ತುರಿಕೆ ಬಂದರೆ ಮಾತ್ರ ಕೆರೆದುಕೊಂಡೇ ಆರು ತಿಂಗಳು ಕಳೀತೀವಿ. ತಡೆಯಲಾರದೆ ಹೋದಾಗ ಮೆಡಿಕಲ್ ಸ್ಟೋರಿಗೆ ಹೋಗಿ 'ತುರಿಕೆಗೆ ಒಂದು ಟ್ಯೂಬ್ ಕೊಡಪ್ಪಾ' ಅಂತೀವಿ. ಎಂಥಾ ತುರಿಕೆ ಅಂತ ಅವರು ಕೇಳೋದಿಲ್ಲ, ನಾವೂ ಹೇಳೋದಿಲ್ಲ.

ನಾನು ಡಾಕ್ಟರಲ್ಲ, ಮಳೆ ನಂಬಿ ಶೇಂಗಾ, ತೊಗರಿ ಬೆಳೆಯುವವನು. ನಮ್ಮ ಅಣ್ಣನ ಕಾಯಿಲೆಗಾಗಿ ಚರ್ಮದ ಡಾಕ್ಟರ ಹತ್ತಿರ ಓಡಾಡಿದಾಗ ಕೇಳಿ ತಿಳಿದಿದ್ದನ್ನು ಇಲ್ಲಿ ಬರೆದಿದ್ದೇನೆ. ಹೊಲದಲ್ಲಿ ದುಡಿಯುವವರಿಗೆ ಹೆಚ್ಚಾಗಿ ಬರುವ ನಾಲ್ಕನ್ನು ಮಾತ್ರ ಹೇಳುತ್ತೇನೆ.

ಕಾಂಗ್ರೆಸ್ ಗಿಡದ ತುರಿಕೆ

ಪಾರ್ಥೇನಿಯಂ, ಅಂದರೆ ನಾವು ಕಾಂಗ್ರೆಸ್ ಗಿಡ ಅನ್ನೋದು, ಅಮೆರಿಕಾ ಖಂಡದ ಕಳೆ. ನಮ್ಮ ದೇಶದಲ್ಲಿ 1955ರ ಸುಮಾರಿಗೆ ಪುಣೆಯಲ್ಲಿ ಕಾಣಿಸಿಕೊಂಡಿತು. ಈಗ ಬದು, ದಾರಿ, ಬೀಳು ಎಲ್ಲಾ ಅದೇ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಇದರಲ್ಲಿ ಪಾರ್ಥೇನಿನ್ ಎಂಬ ವಿಷ ಇದೆ. ಎಲೆ ಕಾಂಡದ ಸಣ್ಣ ರೋಮದಲ್ಲೂ ಇದೆ, ಒಣಗಿದ ಗಿಡದ ಧೂಳಿನಲ್ಲೂ ಇರುತ್ತದೆ.

ಗಿಡ ಮುಟ್ಟಿದ ಮೊದಲ ದಿನವೇ ಎಲ್ಲರಿಗೂ ತುರಿಕೆ ಬರೋದಿಲ್ಲ. ಹತ್ತಾರು ವರ್ಷ ಕೈಯಲ್ಲಿ ಕಿತ್ತವನಿಗೆ ಒಂದು ಮುಂಗಾರಿನಲ್ಲಿ ಶುರುವಾಗಬಹುದು. ಒಮ್ಮೆ ಮೈಗೆ ಒಗ್ಗದಂತಾದರೆ ಸಾಮಾನ್ಯವಾಗಿ ಆ ಗುಣ ಹೋಗೋದಿಲ್ಲ. ಮುಟ್ಟಿದ ಒಂದೆರಡು ದಿನದ ಮೇಲೆ ತುರಿಕೆ ಏಳೋದರಿಂದ ಕಾರಣ ಇದೇ ಅಂತ ಹೊಳೆಯೋದೂ ಇಲ್ಲ. ಧೂಳು ಗಾಳಿಯಲ್ಲಿ ಬರೋದರಿಂದ ಕಣ್ಣಿನ ರೆಪ್ಪೆ, ಮುಖ, ಕತ್ತು, ಮೊಣಕೈ ಮಡಿಕೆ, ಮಂಡಿ ಹಿಂಭಾಗ ಮೊದಲು ಕೆಂಪಾಗುತ್ತದೆ. ಬರುಬರುತ್ತಾ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ.

ನಮ್ಮ ಅಣ್ಣನಿಗೆ ಮೊದಮೊದಲು ಮಳೆಗಾಲದಲ್ಲಿ ಬಂದು ಚಳಿಗಾಲಕ್ಕೆ ಇಳಿಯುತ್ತಿತ್ತು. ಮೂರು ವರ್ಷದ ಮೇಲೆ ಇಡೀ ವರ್ಷ ನಿಂತುಬಿಟ್ಟಿತು. ಊರಲ್ಲಿ ಇಂಜೆಕ್ಷನ್ ಹಾಕುವವರೊಬ್ಬರ ಸೂಜಿಗೆ ಎಂಟು ದಿನ ತಣ್ಣಗಾಗೋದು, ಮತ್ತೆ ಎದ್ದೇಳೋದು. ಜನ 'ರಕ್ತ ಕೆಟ್ಟಿದೆ' ಅಂದರು. ಪಂಕ್ತಿಯಲ್ಲಿ ಪಕ್ಕ ಕೂರಲು ಹಿಂಜರಿದರು. ಹೊಲ ಕೋರಿಗೆ ಕೊಟ್ಟುಬಿಡೋಣ ಅನ್ನುವ ಮಟ್ಟಕ್ಕೆ ಬಂದಿದ್ದ. ಕೊನೆಗೆ ಚರ್ಮದ ಡಾಕ್ಟರು ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡಿ, ಕಾಂಗ್ರೆಸ್ ಗಿಡದ್ದೇ ಅಂತ ಹೇಳಿದರು. ಇದು ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ ಅಂತಲೂ ಹೇಳಿದರು. ಆ ಮಾತು ಔಷಧಿಗಿಂತ ಹೆಚ್ಚು ಕೆಲಸ ಮಾಡಿತು.

ಇಂಥವರು ಗಿಡ ಕೀಳಲೇಬಾರದು. ಮನೆಯ ಬೇರೆಯವರು ಕೈಗವಸು, ತುಂಬುತೋಳಿನ ಅಂಗಿ ಹಾಕಿ, ಮಳೆ ಬಿದ್ದು ನೆಲ ಹಸಿ ಇರುವಾಗ, ಹೂ ಬಿಡುವ ಮುಂಚೆ ಬೇರುಸಹಿತ ಕೀಳಬೇಕು. ಹೂವಿಲ್ಲದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕಬಹುದು. ಬೆಳೆ ಇಡದ ಜಾಗದಲ್ಲಿ ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಬಿಸಿಲಲ್ಲಿ ಸಿಂಪಡಿಸಿದರೆ ಗಿಡ ಒಣಗುತ್ತದೆ. ಹೊಲದೊಳಗೆ ಬೇಡ, ಮಣ್ಣು ಉಪ್ಪಾಗುತ್ತದೆ. ಎಲೆ ತಿನ್ನುವ ಮೆಕ್ಸಿಕೋ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟಿದ್ದರು. ಮಳೆಗಾಲದಲ್ಲಿ ಕಂಡರೆ ಕೊಲ್ಲಬೇಡಿ. ಇನ್ನೊಂದು ಮಾತು: ಸೇವಂತಿಗೆ, ಸೂರ್ಯಕಾಂತಿ ಕೂಡ ಇದೇ ಜಾತಿಯ ಗಿಡಗಳು. ಕೆಲವರಿಗೆ ಅವೂ ಒಗ್ಗೋದಿಲ್ಲ.

ಹುಳಕಡ್ಡಿ

ಇದು ಹುಳ ಅಲ್ಲ, ಬೂಷ್ಟು. ಬಳೆಯಂತೆ ದುಂಡಗೆ, ಅಂಚು ಉಬ್ಬಿ, ನಡುವೆ ಮಾಸಿದಂತೆ ಕಾಣುತ್ತದೆ. ತೊಡೆಸಂದು, ಸೊಂಟ, ಕಂಕುಳು ಇದರ ಜಾಗ. ಬೆವರಿದ ಬಟ್ಟೆಯಲ್ಲೇ ಇರೋದು, ಒಬ್ಬರ ಟವೆಲ್ಲು ಇನ್ನೊಬ್ಬರು ಬಳಸೋದು ಇದಕ್ಕೆ ಗೊಬ್ಬರ. ಅಂಗಡಿಯಲ್ಲಿ ಕೊಡುವ ಎಷ್ಟೋ ಟ್ಯೂಬಿನಲ್ಲಿ ಸ್ಟಿರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಎರಡೇ ದಿನಕ್ಕೆ ತುರಿಕೆ ನಿಲ್ಲುತ್ತದೆ, ಒಳಗೆ ಬೂಷ್ಟು ಹಬ್ಬುತ್ತದೆ. ಆಮೇಲೆ ಯಾವ ಔಷಧಿಗೂ ಬೇಗ ಬಗ್ಗೋದಿಲ್ಲ, ಚರ್ಮವೂ ತೆಳ್ಳಗಾಗುತ್ತದೆ. ಇಂಥ ಹಲವು ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ಹೇಳಿದೆ. ಡಾಕ್ಟರು ಕೊಟ್ಟ ಔಷಧಿಯನ್ನು ಕಲೆ ಮಾಯವಾಯ್ತು ಅಂತ ನಡುವೆ ಬಿಡಬೇಡಿ, ಹೇಳಿದಷ್ಟು ದಿನ ಹಚ್ಚಿ.

ಕಜ್ಜಿ

ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಚರ್ಮದೊಳಗೆ ಬಿಲ ಕೊರೆಯುತ್ತದೆ. ರಾತ್ರಿ ತುರಿಕೆ ಜಾಸ್ತಿ. ಬೆರಳ ಸಂದಿ, ಮಣಿಕಟ್ಟು, ಸೊಂಟ ನೋಡಿ. ಮನೆಯಲ್ಲಿ ಇಬ್ಬರು ಮೂವರು ಒಟ್ಟಿಗೆ ಕೆರೀತಿದ್ದರೆ ಹೆಚ್ಚಾಗಿ ಇದೇ. ತುರಿಕೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ರಾತ್ರಿ ಔಷಧಿ ಹಚ್ಚಬೇಕು. ಕತ್ತಿನಿಂದ ಕಾಲಬೆರಳವರೆಗೆ ಹಚ್ಚಿ ಬೆಳಿಗ್ಗೆ ತೊಳೆಯಬೇಕು. ಡಾಕ್ಟರು ಹೇಳಿದಂತೆ ವಾರ ಬಿಟ್ಟು ಮತ್ತೊಮ್ಮೆ ಹಚ್ಚಬೇಕು. ಬಟ್ಟೆ, ಹೊದಿಕೆಗಳನ್ನು ಬಿಸಿನೀರಿಗೆ ಹಾಕಿ ಬಿಸಿಲಿಗೆ ಒಣಗಿಸಿ. ಒಬ್ಬರು ಬಿಟ್ಟರೂ ಅಲ್ಲಿಂದ ಮತ್ತೆ ಶುರು.

ತುರಿಸದ ಮಚ್ಚೆ

ತುರಿಕೆಗಿಂತ ಹೆಚ್ಚು ಲಕ್ಷ್ಯ ಕೊಡಬೇಕಾದ್ದು ತುರಿಸದ ಮಚ್ಚೆಗೆ. ಬಿಳಿಚಿದ ಅಥವಾ ಕೆಂಪು ಮಚ್ಚೆಯ ಮೇಲೆ ಮುಟ್ಟಿದ್ದು, ಬಿಸಿ, ತಣ್ಣಗೆ ಗೊತ್ತಾಗದಿದ್ದರೆ ಕುಷ್ಠ ಇರಬಹುದು. ಹೆದರಿ ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ, ಆರು ತಿಂಗಳು ಇಲ್ಲವೇ ಒಂದು ವರ್ಷ ತಗೊಂಡರೆ ವಾಸಿಯಾಗುತ್ತದೆ. ತಡ ಮಾಡಿದರೆ ಮಾತ್ರ ನರ ಸತ್ತು ಕೈಬೆರಳು ಮಡಚಿಕೊಳ್ಳುತ್ತವೆ. ಹಾಲಿನಷ್ಟು ಬೆಳ್ಳಗಿದ್ದು ಮುಟ್ಟಿದ್ದು ಗೊತ್ತಾಗುತ್ತಿದ್ದರೆ ಅದು ತೊನ್ನು ಇರಬಹುದು. ತೊನ್ನು ಕುಷ್ಠವಲ್ಲ, ಅಂಟೋದೂ ಇಲ್ಲ. ಯಾವುದು ಅಂತ ಡಾಕ್ಟರೇ ಹೇಳಬೇಕು.

ಡಾಕ್ಟರನ್ನು ಹುಡುಕೋದು ಹೇಗೆ?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಕಜ್ಜಿ, ಸಣ್ಣ ಹುಳಕಡ್ಡಿಗೆ ಅಲ್ಲೇ ಔಷಧಿ ಸಿಗುತ್ತದೆ. ಮಚ್ಚೆ ಇದ್ದರೆ ಆಶಾ ಕಾರ್ಯಕರ್ತೆಗೂ ಹೇಳಬಹುದು. ವಾಸಿಯಾಗದಿದ್ದರೆ ಚೀಟಿ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಅಥವಾ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋಗಿ. ಗದಗ, ಕೊಪ್ಪಳ, ರಾಯಚೂರು, ಬಳ್ಳಾರಿ, ಹುಬ್ಬಳ್ಳಿಯಲ್ಲಿ ಸರ್ಕಾರಿ ಕಾಲೇಜುಗಳಿವೆ. ಯಾವ ದಿನ ಚರ್ಮದ ಡಾಕ್ಟರು ಕೂರುತ್ತಾರೆ ಅಂತ ಮೊದಲೇ ಕೇಳಿಕೊಂಡರೆ ಬಸ್ ಚಾರ್ಜು, ಒಂದು ದಿನದ ಕೂಲಿ ಉಳಿಯುತ್ತದೆ.

ಖಾಸಗಿಗೆ ಹೋಗೋದಾದರೆ ಬೋರ್ಡು ಓದಿ. ಎಂಬಿಬಿಎಸ್ ಮುಂದೆ ಚರ್ಮರೋಗದ ಎಂಡಿ, ಡಿವಿಡಿ, ಡಿಡಿವಿಎಲ್ ಅಥವಾ ಡಿಎನ್‌ಬಿ ಇರಬೇಕು. ವೈದ್ಯಕೀಯ ಪರಿಷತ್ತಿನ ನೋಂದಣಿ ನಂಬರೂ ಇರಬೇಕು. 'ಚರ್ಮರೋಗ, ಮೂಲವ್ಯಾಧಿ, ಗುಪ್ತರೋಗಕ್ಕೆ ಗ್ಯಾರಂಟಿ' ಅಂತ ಬರೆದಲ್ಲಿಗೆ ದುಡ್ಡು ಸುರಿಯಬೇಡಿ.

ಹೋಗುವಾಗ ಇದುವರೆಗೆ ಹಚ್ಚಿದ ಟ್ಯೂಬು, ನುಂಗಿದ ಮಾತ್ರೆಯ ಹಾಳೆ ಎಲ್ಲಾ ಚೀಲಕ್ಕೆ ಹಾಕಿಕೊಳ್ಳಿ, ಖಾಲಿಯಾದದ್ದೂ ಇರಲಿ. ಯಾವ ತಿಂಗಳು ಶುರುವಾಯ್ತು, ಹೊಲದಲ್ಲಿ ಯಾವ ಕೆಲಸ ಮಾಡಿದ ಮೇಲೆ ಜಾಸ್ತಿ, ಯಾವ ಔಷಧಿ ಸಿಂಪಡಿಸಿದಿರಿ ಅಂತ ಹೇಳಿ. ಸಕ್ಕರೆ ಕಾಯಿಲೆ, ಬಸಿರು ಇದ್ದರೆ ಮುಚ್ಚಿಡಬೇಡಿ. ರೋಗದ ಹೆಸರೇನು, ಎಷ್ಟು ದಿನ ಔಷಧಿ, ಇದರಲ್ಲಿ ಸ್ಟಿರಾಯ್ಡ್ ಇದೆಯೇ ಅಂತ ಕೇಳಿ ಬರೆಸಿಕೊಳ್ಳಿ. ಸ್ಟಿರಾಯ್ಡ್ ವಿಷವಲ್ಲ, ಡಾಕ್ಟರ ಲೆಕ್ಕದಲ್ಲಿ ತಗೊಂಡರೆ ಔಷಧಿ. ಲೆಕ್ಕ ತಪ್ಪಿ ತಿಂಗಳುಗಟ್ಟಲೆ ನುಂಗಿದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ, ಕಣ್ಣಿಗೆ ಪೊರೆ ಬರುತ್ತದೆ. ಬಹಳ ದಿನ ನುಂಗಿದ್ದನ್ನು ಒಮ್ಮೆಲೇ ಬಿಡೋದೂ ಅಪಾಯ, ಡಾಕ್ಟರಿಗೆ ಹೇಳಿಯೇ ಇಳಿಸಬೇಕು.

ಯಾವುದೋ ಮಾತ್ರೆ ನುಂಗಿದ ಮೇಲೆ ಜ್ವರ ಬಂದು, ಬಾಯಿ ಹುಣ್ಣಾಗಿ, ಮೈ ಬೊಬ್ಬೆ ಎದ್ದು ಸುಲಿಯತೊಡಗಿದರೆ ಬೆಳಗಿನವರೆಗೂ ಕಾಯಬಾರದು. ಸಿಕ್ಕ ಗಾಡಿ ಹತ್ತಿ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನಮ್ಮ ಅಣ್ಣ ಈಗಲೂ ಬೇಸಾಯ ಮಾಡುತ್ತಾನೆ. ಬದುವಿನ ಕಳೆ ನಾವು ಕೀಳ್ತೀವಿ, ಹರಗೋದು ಬಿತ್ತೋದು ಅವನು. ಈ ಮುಂಗಾರಿಗೆ ನಿಮ್ಮ ಬದುವಿನ ಕಾಂಗ್ರೆಸ್ ಗಿಡ ಹೂ ಬಿಡುವ ಮುಂಚೆ ನೀವೂ ಒಂದು ದಿನ ಇಟ್ಟುಕೊಳ್ಳಿ.