ಸೊನ್ನೆಯೂ ಬರಿದೂ: ಜಾವಾಸ್ಕ್ರಿಪ್ಟಿನ ಒಂದು ತೊಡಕು

ಮಳೆಮಾಪಕವನ್ನು ನೋಡಿಕೊಳ್ಳುವವನು ದಿನಕ್ಕೊಮ್ಮೆ, ನಮ್ಮ ದೇಶದಲ್ಲಾದರೆ ಬೆಳಿಗ್ಗೆ 8.30ಕ್ಕೆ, ಹಿಂದಿನ 24 ಗಂಟೆಗಳಲ್ಲಿ ಬಿದ್ದ ಮಳೆಯನ್ನು ಅಳೆದು ದಾಖಲೆಯ ಪುಸ್ತಕದಲ್ಲಿ ಬರೆಯುತ್ತಾನೆ. ಹನಿಯೂ ಬೀಳದ ದಿನ ಆ ತಾರೀಖಿನ ಮನೆಯಲ್ಲಿ 0 ಎಂದು ಬರೆಯುವನು. ಮತ್ತೊಂದು ದಿನ ಅವನಿಗೆ ಜ್ವರ ಬಂದು ಮಾಪಕದ ಬಳಿಗೆ ಹೋಗಲಾಗದಿದ್ದರೆ ಆ ಮನೆ ಬರಿದಾಗಿಯೇ ಉಳಿಯುವುದು. ಮೊದಲನೆಯದು ಒಂದು ಅಳತೆ. ಎರಡನೆಯದು ಅಳತೆಯೇ ಅಲ್ಲ. ಪುಸ್ತಕವನ್ನು ಓದುವ ಮನುಷ್ಯನಿಗೆ ಈ ಭೇದವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗಣಕಯಂತ್ರಕ್ಕೆ ಹೇಳಿಕೊಡಬೇಕು, ಹೇಳುವ ಭಾಷೆ ಜಾವಾಸ್ಕ್ರಿಪ್ಟ್ ಆದರಂತೂ ಬಹಳ ಎಚ್ಚರದಿಂದ ಹೇಳಬೇಕು.

ನಾಲ್ಕು ದಿನಗಳ ದಾಖಲೆಯನ್ನು ತೆಗೆದುಕೊಳ್ಳೋಣ: 20 ಮಿಲಿಮೀಟರು, 0, ಬರಿದು, 10. ಅಳತೆ ದೊರೆತಿರುವುದು ಮೂರೇ ದಿನ. ಆದುದರಿಂದ ಅವುಗಳ ಸರಾಸರಿ 30ನ್ನು 3ರಿಂದ ಭಾಗಿಸಿದ 10 ಮಿಲಿಮೀಟರು. ಇದೇ ಲೆಕ್ಕವನ್ನು ಅಜಾಗರೂಕತೆಯಿಂದ ಬರೆದ ಪ್ರೋಗ್ರಾಮು 7.5 ಎಂದೂ ಹೇಳಬಹುದು, 15 ಎಂದೂ ಹೇಳಬಹುದು. ಅದು ಹೇಗೆಂದು ನೋಡೋಣ.

'ಇಲ್ಲ' ಎನ್ನುವುದಕ್ಕೆ ಈ ಭಾಷೆಯಲ್ಲಿ ಎರಡು ಬೆಲೆಗಳಿವೆ. ಅಳತೆಗಾರನು ಮನೆಯಲ್ಲಿ ಏನನ್ನೂ ಬರೆಯದೆ ಹೋದರೆ ಅದು ಅನ್‌ಡಿಫೈನ್ಡ್. ಹೆಸರೊಂದನ್ನು ಸಾರಿ ಬೆಲೆಯನ್ನು ಕೊಡದಿದ್ದಾಗ ಭಾಷೆಯೇ ಇದನ್ನು ತುಂಬುತ್ತದೆ. 'ಇಂದು ಅಳತೆಯಿಲ್ಲ' ಎಂದು ಬೇಕೆಂದೇ ಅಡ್ಡಗೆರೆಯೆಳೆದರೆ ಅದು ನಲ್. ಇವೆರಡರ ಜೊತೆಗೆ ಮೂರನೆಯದೊಂದುಂಟು. ಪರದೆಯ ಮೇಲಿನ ನಮೂನೆಯಲ್ಲಿ ಯಾರೂ ಏನನ್ನೂ ಒತ್ತದೆ ಬಿಟ್ಟ ಚೌಕದಿಂದ ಬರುವುದು ಖಾಲಿ ಅಕ್ಷರಮಾಲೆ, ಎಂದರೆ ಉದ್ದ ಸೊನ್ನೆಯಾದ ಬರಹ. ಕಣ್ಣಿಗೆ ಮೂರೂ ಬರಿದೇ. ಯಂತ್ರಕ್ಕೆ ಮೂರೂ ಬೇರೆ.

ಕೂಡುವಾಗ ಈ ಭೇದವು ಹೊರಬೀಳುತ್ತದೆ. ನಲ್ ಅನ್ನು ಸಂಖ್ಯೆಯೊಡನೆ ಕೂಡಿದರೆ ಜಾವಾಸ್ಕ್ರಿಪ್ಟ್ ಅದನ್ನು 0 ಎಂದೇ ಎಣಿಸುತ್ತದೆ. ಮೊತ್ತ 30, ದಿನ 4, ಸರಾಸರಿ 7.5. ಖಾಲಿ ಅಕ್ಷರಮಾಲೆಯನ್ನು ನಂಬರ್ ಎಂಬ ಸಾಧನದಿಂದ ಸಂಖ್ಯೆಯಾಗಿಸಿದರೂ 0 ಬರುವುದು. ಬರಿಯ ತೆರಪುಗಳನ್ನು ಒತ್ತಿದ್ದರೂ ಅಷ್ಟೆ. ಅನ್‌ಡಿಫೈನ್ಡ್ ಮಾತ್ರ ಹಾಗಲ್ಲ: ಅದು ಸೇರಿದೊಡನೆ ಮೊತ್ತವೆಲ್ಲ 'ಸಂಖ್ಯೆಯಲ್ಲ' ಎಂಬ ನಾನ್ ಆಗಿಬಿಡುವುದು. ಇದು ಕಿರುಕುಳವೆಂದು ವಿದ್ಯಾರ್ಥಿಗಳು ದೂರುತ್ತಾರೆ. ನಮಗಾದರೋ ಇದೇ ವಾಸಿಯೆಂದು ತೋರುತ್ತದೆ. ನಾನ್ ಎದ್ದು ಕಾಣುವ ದೋಷ, 7.5 ಯಾರ ಕಣ್ಣಿಗೂ ಬೀಳದೆ ವರದಿಯನ್ನು ಸೇರಿಬಿಡುವ ದೋಷ.

ಇದನ್ನು ತಡೆಯಲೆಂದು ಹಲವರು 'ಬೆಲೆಯಿದ್ದರೆ ಮಾತ್ರ ಕೂಡು' ಎಂಬ ಅರ್ಥದಲ್ಲಿ, ಇಫ್ ಎಂಬ ಪದದ ಮುಂದೆ ಬೆಲೆಯನ್ನಷ್ಟೇ ಇಟ್ಟು ಪರೀಕ್ಷಿಸುತ್ತಾರೆ. ಆದರೆ ಆ ಪರೀಕ್ಷೆ ಕೇಳುವುದು ಬೆಲೆಯುಂಟೆ ಎಂದಲ್ಲ, ಅದು ಸತ್ಯಕ್ಕೆ ಸಮಾನವೆ ಎಂದು. ನಲ್, ಅನ್‌ಡಿಫೈನ್ಡ್, ಖಾಲಿ ಅಕ್ಷರಮಾಲೆ, ನಾನ್ ಇವುಗಳೊಡನೆ 0 ಕೂಡ ಅಸತ್ಯದ ಗುಂಪಿಗೇ ಸೇರಿದೆ. ಹೀಗಾಗಿ ಮಳೆಯಿಲ್ಲದ ದಿನವೂ ಲೆಕ್ಕದಿಂದ ಹೊರಬಿದ್ದು, 30ನ್ನು 2ರಿಂದ ಭಾಗಿಸಿ 15 ಎಂಬ ಉತ್ತರ ಬರುತ್ತದೆ. ಒಣಗಿದ ದಿನಗಳನ್ನೆಲ್ಲ ಅಳಿಸಿಹಾಕುವ ಇಂತಹ ಲೆಕ್ಕ ಯಾವ ಊರಿನಲ್ಲಿಯೂ ಬರವಿದೆಯೆಂದು ಹೇಳಲಾರದು! ವಿಚಿತ್ರವೆಂದರೆ, ಒಂದೂ ಅಂಶವಿಲ್ಲದ ಖಾಲಿ ಪಟ್ಟಿ ಈ ಪರೀಕ್ಷೆಯಲ್ಲಿ ಸತ್ಯವಾಗಿ ತೇರ್ಗಡೆಯಾಗುತ್ತದೆ. ಅದು ಖಾಲಿಯೆ ಎಂದು ತಿಳಿಯಲು ಅದರ ಉದ್ದವನ್ನೇ ಕೇಳಬೇಕು.

ಬೆಲೆಯ ಜಾತಿಯನ್ನು ಕೇಳಿ ತಿಳಿಯಬಾರದೆ? ಅಲ್ಲಿಯೂ ಒಂದು ಹಳೆಯ ಕಥೆಯಿದೆ. ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಬ್ರೆಂಡನ್ ಐಕ್ ಅವರು 1995ರಲ್ಲಿ ಈ ಭಾಷೆಯ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರು. ಅದರಲ್ಲಿ ಪ್ರತಿ ಬೆಲೆಯ ಜೊತೆಗೂ ಜಾತಿಯನ್ನು ಸೂಚಿಸುವ ಕೆಲವು ಬಿಟ್‌ಗಳಿದ್ದುವು. ವಸ್ತುವಿನ ಗುರುತು ಸೊನ್ನೆ. ನಲ್‌ನ ಬಿಟ್‌ಗಳೆಲ್ಲವೂ ಸೊನ್ನೆಯೇ ಆದುದರಿಂದ, ಟೈಪ್‌ಆಫ್ ಎಂದು ಕೇಳಿದಾಗ ನಲ್ ಕೂಡ 'ವಸ್ತು' ಎಂಬ ಉತ್ತರ ಬಂದಿತು. ತಿದ್ದಬೇಕೆಂಬ ಸಲಹೆ ಮುಂದೆ ಬಂದಿತಾದರೂ, ತಿದ್ದಿದರೆ ಹಳೆಯ ಪ್ರೋಗ್ರಾಮುಗಳು ಮುರಿದುಬೀಳುವುವೆಂದು ಕೈಬಿಡಲಾಯಿತು. ಈ ಉತ್ತರವನ್ನು ನಂಬಿ ನಲ್‌ನೊಳಗಿನ ಅಂಶವೊಂದನ್ನು ಕೇಳಿದರೆ ಪ್ರೋಗ್ರಾಮು ದೋಷವನ್ನು ಸಾರಿ ನಿಂತುಬಿಡುವುದು. 1965ರಲ್ಲಿ ಅಲ್ಗಾಲ್-ಡಬ್ಲ್ಯು ಭಾಷೆಗಾಗಿ ನಲ್ ಸೂಚಕವನ್ನು ಕಲ್ಪಿಸಿದ ಟೋನಿ ಹೋರ್ ಅವರೇ 2009ರಲ್ಲಿ ಅದನ್ನು ತಮ್ಮ ಶತಕೋಟಿ ಡಾಲರಿನ ತಪ್ಪೆಂದು ಕರೆದರು.

ಹಾಗಾದರೆ ಸರಿಯಾದ ಪರೀಕ್ಷೆ ಯಾವುದು? ಬೆಲೆಯನ್ನು ಎರಡು ಸಮಚಿಹ್ನೆಗಳಿಂದ (==) ನಲ್‌ನೊಡನೆ ಹೋಲಿಸಿದರೆ ನಲ್ ಮತ್ತು ಅನ್‌ಡಿಫೈನ್ಡ್ ಎರಡು ಮಾತ್ರ ಸಿಕ್ಕಿಬೀಳುತ್ತವೆ; 0 ಆಗಲಿ ಖಾಲಿ ಅಕ್ಷರಮಾಲೆಯಾಗಲಿ ಸಿಕ್ಕುವುದಿಲ್ಲ. ಇವೆರಡರಲ್ಲಿ ಯಾವುದೆಂದು ತಿಳಿಯಬೇಕಾದರೆ ಮೂರು ಸಮಚಿಹ್ನೆಗಳು (===) ಬೇಕು. ಇಲ್ಲದ ಬೆಲೆಗೆ ಬದಲಿಯನ್ನು ಕೊಡುವಲ್ಲಿಯೂ ಇದೇ ವಿವೇಕ: ಹಳೆಯ || ಚಿಹ್ನೆ ನಿಜವಾದ 0ಯನ್ನೂ ಕಿತ್ತೊಗೆಯುವುದು, 2020ರಲ್ಲಿ ಭಾಷೆಗೆ ಸೇರಿದ?? ಚಿಹ್ನೆ ನಲ್, ಅನ್‌ಡಿಫೈನ್ಡ್ ಇವುಗಳನ್ನು ಬಿಟ್ಟು ಬೇರೆ ಯಾವುದನ್ನೂ ಮುಟ್ಟದು.

ನಮೂನೆಯ ಚೌಕದಿಂದ ಬಂದ ಬರಹವನ್ನಾದರೋ ಸಂಖ್ಯೆಯಾಗಿಸುವುದಕ್ಕೆ ಮೊದಲೇ, ಟ್ರಿಮ್ ಎಂಬ ಸಾಧನದಿಂದ ಅಂಚಿನ ತೆರಪುಗಳನ್ನು ತೆಗೆದು, ಉಳಿದುದು ಖಾಲಿಯೆ ಎಂದು ನೋಡಬೇಕು. ಖಾಲಿಯಾಗಿದ್ದರೆ ಅಲ್ಲಿ ನಲ್ ಅನ್ನು ಇಡಬೇಕು. ಬಳಿಕ ನಲ್ ಅಲ್ಲದ, ಅನ್‌ಡಿಫೈನ್ಡ್ ಅಲ್ಲದ ಬೆಲೆಗಳನ್ನು ಮಾತ್ರ ಕೂಡಿ, ಅಂತಹ ಬೆಲೆಗಳು ಎಷ್ಟಿವೆಯೋ ಅಷ್ಟರಿಂದಲೇ ಭಾಗಿಸಿದರೆ, ನಮ್ಮ ನಾಲ್ಕು ದಿನಗಳ ದಾಖಲೆಗೆ ಯಂತ್ರವೂ 10 ಎಂದೇ ಉತ್ತರ ಕೊಡುವುದು.