ಬಂದು ಹೋಗುವ ಸದ್ದು

ಸದಾ ಇರುವ ನೋವನ್ನು ವೈದ್ಯನಿಗೆ ತೋರಿಸಬಹುದು. ಬಂದು ಹೋಗುವ ನೋವನ್ನು ತೋರಿಸುವುದು ಕಷ್ಟ. ವೈದ್ಯನ ಎದುರು ಕುಳಿತೊಡನೆ ಅದು ಮಾಯವಾಗಿರುತ್ತದೆ. ಮೋಟಾರು ವಾಹನಗಳ ರೋಗಗಳಲ್ಲಿಯೂ ಈ ಜಾತಿಯದೊಂದುಂಟು. ರಸ್ತೆಯುದ್ದಕ್ಕೂ ಗರಗರನೆ ಅರೆಯುತ್ತ ಬಂದ ಗಾಡಿ ಮೇಸ್ತ್ರಿಯ ಅಂಗಳದಲ್ಲಿ ಸಾಧುವಾಗಿ ನಿಂತುಬಿಡುತ್ತದೆ. ಅದರ ಒಡೆಯ ಸುಳ್ಳು ಹೇಳಿ ಸಿಕ್ಕಿಬಿದ್ದವನಂತೆ ಪಕ್ಕದಲ್ಲಿ ತಲೆ ಕೆರೆದುಕೊಳ್ಳುತ್ತಾನೆ.

ನನ್ನ ವೃತ್ತಿ ಕಾಲೇಜಿನಲ್ಲಿ ಕನ್ನಡ ಕಲಿಸುವುದು. ಎಂಜಿನ್ನಿಗೂ ನನಗೂ ದೂರದ ನೆಂಟಸ್ತನವೂ ಇಲ್ಲ. ಆದರೆ ನನ್ನ ಭಾವಮೈದುನನಿಗೆ 17 ವರ್ಷ ಹಳೆಯದಾದ ಒಂದು ಪಿಕಪ್ ವಾಹನವಿದೆ. ಅವನ ಸಂಸಾರ ನಡೆಯುವುದು ಅದರ ನಾಲ್ಕು ಗಾಲಿಗಳ ಮೇಲೆಯೇ. ತೀರ್ಥಹಳ್ಳಿಯ ಸುತ್ತಿನ ತೋಟಗಳಿಂದ ಅಡಕೆಯ ಮೂಟೆಗಳನ್ನು ಶಿವಮೊಗ್ಗದ ಮಂಡಿಗೆ ಒಯ್ಯುವುದು, ಬರುವಾಗ ಗೊಬ್ಬರವನ್ನೋ ಹಿಂಡಿಯನ್ನೋ ಸಿಕ್ಕಿದರೆ ತರುವುದು, ಇಲ್ಲವಾದರೆ ಬರಿದಾಗಿ ಬರುವುದು. ತುಂಗೆಯ ಬಳಿಯಲ್ಲೇ ಮಂಡಗದ್ದೆ, ಸಕ್ರೆಬೈಲು, ಗಾಜನೂರುಗಳನ್ನು ಹಾಯ್ದು ಹೋಗುವ ಆ ಸುಮಾರು 60 ಕಿಲೋಮೀಟರಿನ ದಾರಿಯಲ್ಲಿ ತಿರುವುಗಳಿಗೆ ಬರವಿಲ್ಲ. ಕಳೆದ ಕೊಯ್ಲಿನ ಕಾಲದಲ್ಲಿ ಆ ದಾರಿಯಲ್ಲೇ ಸದ್ದು ಹುಟ್ಟಿತು. ಹೋಗುವಾಗ ಇರುವುದು, ಬರುವಾಗ ಇಲ್ಲದಿರುವುದು. ಒಮ್ಮೆ ಹತ್ತು ನಿಮಿಷ, ಇನ್ನೊಮ್ಮೆ ಒಂದೇ ಗಳಿಗೆ.

ಅವನು ಗಾಡಿಯನ್ನು ಒಂದು ವರ್ಕ್‌ಶಾಪಿಗೆ ಕೊಟ್ಟ. ಅಲ್ಲಿ ಹಿಂದಿನ ಬ್ರೇಕಿನ ಲೈನಿಂಗ್ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಮತ್ತೊಮ್ಮೆ ಕೊಟ್ಟಾಗ ಎಂಜಿನ್ನಿನ ತಿರುಗುಬಲವನ್ನು ಹಿಂದಿನ ಗಾಲಿಗಳಿಗೆ ಒಯ್ಯುವ ಉದ್ದನೆಯ ಶಾಫ್ಟಿನ ಕೀಲುಗಳನ್ನು ಬದಲಾಯಿಸಿದರು. ಹಣ ಹೋಯಿತು, ಸದ್ದು ಉಳಿಯಿತು. ಮಾರಿಬಿಡು ಎಂದವರು ಕೆಲವರು. ಮಾರಿದರೆ ಬರುವ ಹಣದಲ್ಲಿ ಹೊಸ ಗಾಡಿಯ ಮುಂಗಡವೂ ಹುಟ್ಟದು. ಅವನು ನನ್ನೊಡನೆ ಹೇಳಿದ ಮಾತು ಇಷ್ಟೆ: “ಭಾವ, ಸದ್ದು ಬಂದ್ರೆ ಹೆದರಿಕೆ ಆಗ್ತದೆ. ಬರದೇ ಇದ್ರೆ ಇನ್ನೂ ಹೆದರಿಕೆ ಆಗ್ತದೆ.” ಅವನ ಹತ್ತು ವರ್ಷದ ಮಗ ರಜೆಯ ದಿನಗಳಲ್ಲಿ ಅದೇ ಗಾಡಿಯಲ್ಲಿ ಅಪ್ಪನ ಪಕ್ಕ ಕುಳಿತು ಮಂಡಿಗೆ ಹೋಗುತ್ತಾನೆಂಬುದು ನನಗೆ ಗೊತ್ತಿತ್ತು.

ಕಡೆಗೆ ಊರಂಚಿನಲ್ಲಿ ತಗಡಿನ ಚಪ್ಪರದ ಕೆಳಗೆ ಬಹುಕಾಲದಿಂದ ಕೆಲಸ ಮಾಡುತ್ತಿರುವ ಒಬ್ಬ ವಯಸ್ಸಾದ ಮೇಸ್ತ್ರಿಯ ಬಳಿಗೆ ಹೋದೆವು. ಆತ ಬಾನೆಟ್ಟಿಗೆ ಕೈಹಚ್ಚಲೇ ಇಲ್ಲ. ಕೈ ಒರೆಸಿಕೊಳ್ಳುತ್ತ ಕೇಳಿದ ಮೊದಲ ಪ್ರಶ್ನೆ ಭಾಷೆಗೆ ಸಂಬಂಧಿಸಿದ್ದು: “ಎಂಥ ಸದ್ದು ಮಾರಾಯ್ರೆ? ಕಿರಕಿರವಾ, ಗರಗರವಾ, ಗುಂಯ್ ಅಂತದಾ?”

ಭಾವಮೈದುನ ಕ್ಷಣ ಯೋಚಿಸಿ ಹೇಳಿದ: “ಬೀಸೋ ಕಲ್ಲಲ್ಲಿ ಕಾಳು ಮುಗಿದ ಮೇಲೆ ಬರ್ತದಲ್ಲ, ಹಾಗೆ.”

ಮೇಸ್ತ್ರಿಯ ಮುಖ ಅರಳಿತು. ನನ್ನದೂ ಅರಳಿತೆಂದು ಬೇರೆ ಹೇಳಬೇಕಾಗಿಲ್ಲ. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಗಳಿಗಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ನಾವು ತರಗತಿಯಲ್ಲಿ ಅನುಕರಣಾವ್ಯಯವೆಂದು ಕಲಿಸಿ, ಪಟಪಟ, ದಬದಬ ಎಂದು ನಾಲ್ಕು ಉದಾಹರಣೆ ಕೊಟ್ಟು, ಮಕ್ಕಳು ನಕ್ಕೊಡನೆ ಮುಂದಿನ ಪಾಠಕ್ಕೆ ಹೋಗುವ ಆ ಪದಗಳು ಈ ಚಪ್ಪರದ ಕೆಳಗೆ ಅಳತೆಗೋಲುಗಳಾಗಿ ಬಳಕೆಯಾಗುತ್ತಿದ್ದವು. ಕಿರಕಿರ ಎಂದರೆ ತೆಳುವಾದ, ಒಣಗಿದ ತಿಕ್ಕಾಟ. ಕಕಾರ ಗಕಾರವಾಗಿ, ಇಕಾರ ಅಕಾರವಾಗಿ ಗರಗರವಾದರೆ ಭಾರವುಳ್ಳ ಲೋಹದ ಅರೆತ. ಲಟಲಟ ಎಂದರೆ ಸಡಿಲವಾದದ್ದು. ಗುಂಯ್ ಎಂದರೆ ಹಲ್ಲುಗಾಲಿಗಳ ಕೂಗು. ಒಂದು ಸ್ವರ ಬದಲಾದರೆ ಬಿಚ್ಚಬೇಕಾದ ಭಾಗವೇ ಬದಲಾಗುತ್ತದೆ. ಫ್ರಾನ್ಸಿನ ವೈದ್ಯ ಲಾಯೆನೆಕ್ 1816ರಲ್ಲಿ ಸುರುಳಿ ಸುತ್ತಿದ ಕಾಗದವನ್ನು ರೋಗಿಯ ಎದೆಗೆ ಹಿಡಿದು ಸ್ಟೆತಾಸ್ಕೋಪಿಗೆ ನಾಂದಿ ಹಾಡಿದನಷ್ಟೆ. ತಾನು ಕೇಳಿದ್ದನ್ನು ಇತರ ವೈದ್ಯರಿಗೆ ತಿಳಿಸಹೊರಟಾಗ ಅವನೂ ಮನೆಬಳಕೆಯ ಸದ್ದುಗಳನ್ನೇ ನೆಚ್ಚಬೇಕಾಯಿತು: ಬೆಂಕಿಯ ಮೇಲೆ ಸಿಡಿಯುವ ಉಪ್ಪು, ತಿದಿಯ ಉಸಿರು, ಅರದ ತಿಕ್ಕಾಟ. ನಮ್ಮ ಬೀಸುವ ಕಲ್ಲು ಆ ಸಾಲಿಗೆ ಸೇರಲು ಯೋಗ್ಯವಾದದ್ದೇ.

ಆದರೆ ಸದ್ದಿನ ಹೆಸರು ಸಿಕ್ಕಿದ ಮಾತ್ರಕ್ಕೆ ಅದರ ಮನೆ ಸಿಕ್ಕುವುದಿಲ್ಲ. ಅರೆಯುವ ಸದ್ದನ್ನು ಮಾಡಬಲ್ಲ ಭಾಗಗಳು ಇಂಥ ವಾಹನದಲ್ಲಿ ಹತ್ತಾರು. ಆದ್ದರಿಂದ ಎರಡನೆಯ ಪ್ರಶ್ನೆ ‘ಎಲ್ಲಿ’ ಎಂಬುದಾಗಿರಲಿಲ್ಲ, ‘ಯಾವಾಗ’ ಎಂಬುದಾಗಿತ್ತು. ಕ್ಲಚ್ ಒತ್ತಲು ಬರುವುದೆ, ಒತ್ತಲು ಹೋಗುವುದೆ? ಬ್ರೇಕು ಹಿಡಿಯಲು ಹೆಚ್ಚುವುದೆ? ಹೊರೆಯಿರಲು ಹೇಗೆ, ಇಲ್ಲದಿರಲು ಹೇಗೆ? ಆತ ಆಡುಮಾತಿನಲ್ಲಿಯೇ ಕೇಳಿದ. ನನ್ನ ಕಿವಿಗೆ ಮಾತ್ರ ಅವೆಲ್ಲವೂ ಸತಿಸಪ್ತಮಿಯ ವಾಕ್ಯಗಳಾಗಿ ಕೇಳಿಸಿದವು. ಮಳೆ ಬರಲು ಕೆರೆ ತುಂಬಿತು ಎಂಬಂತೆ, ಒಂದು ಕ್ರಿಯೆ ನಡೆಯಲು ಇನ್ನೊಂದು ನಡೆಯಿತೆ ಎಂಬುದೇ ಅಲ್ಲಿನ ವಿಚಾರ.

ಕ್ಲಚ್ಚಿನ ಪ್ರಶ್ನೆಯಲ್ಲಿರುವ ಸೂಕ್ಷ್ಮವನ್ನು ಆತ ಬಿಡಿಸಿ ಹೇಳಿದ. ಪೆಡಲು ಒತ್ತಿದಾಗ ಸದ್ದು ಹುಟ್ಟಿದರೆ ಕ್ಲಚ್ಚನ್ನು ಬಿಡಿಸುವ ಬೇರಿಂಗಿನ ಮೇಲೆ ಅನುಮಾನ. ಗಾಡಿ ನಿಂತಿರುವಾಗ ಇದ್ದ ಸದ್ದು ಒತ್ತಿದೊಡನೆ ಅಡಗಿದರೆ ಗೇರುಪೆಟ್ಟಿಗೆಯ ಮೊದಲ ಶಾಫ್ಟಿನ ಬೇರಿಂಗಿನ ಮೇಲೆ. ಅದೇ ಪೆಡಲು, ಅದೇ ಕಾಲು. ಇರುವಿಕೆ ಒಂದು ಕಡೆ ಬೆರಳು ತೋರಿದರೆ ಇಲ್ಲದಿರುವಿಕೆ ಇನ್ನೊಂದು ಕಡೆ ತೋರುತ್ತದೆ. ನಮ್ಮ ತಾರ್ಕಿಕರು ಇದನ್ನೇ ಅನ್ವಯ–ವ್ಯತಿರೇಕವೆಂದರು. ಇದು ಇದ್ದಾಗ ಅದು ಇರುವುದು ಅನ್ವಯ. ಇದು ಇಲ್ಲದಾಗ ಅದೂ ಇಲ್ಲದಿರುವುದು ವ್ಯತಿರೇಕ. ಹೀಗೆ ನೋಡಿದರೆ, ಎಡೆಬಿಡದೆ ಕೇಳಿಸುವ ಸದ್ದು ಅರ್ಧ ಸಾಕ್ಷ್ಯವನ್ನು ಮಾತ್ರ ಕೊಡುತ್ತದೆ. ಎಲ್ಲರೂ ಶಪಿಸುವ, ಬಂದು ಹೋಗುವ ಸದ್ದಾದರೋ ಬಂದಾಗಲೂ ಸಾಕ್ಷಿ, ಹೋದಾಗಲೂ ಸಾಕ್ಷಿ. ಕೇಳುವವನಿಗೆ ತಾಳ್ಮೆಯಿರಬೇಕು, ಅಷ್ಟೆ.

ಆ ತಾಳ್ಮೆ ಇಲ್ಲದಿದ್ದುದರಿಂದಲೇ ಹಿಂದಿನ ಎರಡು ರಿಪೇರಿಗಳೂ ವ್ಯರ್ಥವಾದದ್ದು. ಅಲ್ಲಿ ಗಾಡಿಯನ್ನು ಪರೀಕ್ಷಿಸಿದ್ದು ಬರಿದಾಗಿದ್ದಾಗ. “ಸದ್ದು ಬರೋದು ಲೋಡಲ್ಲಿ, ನೋಡೋದು ಖಾಲಿಯಲ್ಲಿ. ಎಂಥ ಕಾಣ್ತದೆ ಮೇಷ್ಟ್ರೇ?” ಎಂದು ಮೇಸ್ತ್ರಿ ನನ್ನನ್ನೇ ಕೇಳಿದ. ಮರುದಿನ ಅಡಕೆ ಹೇರಿದ ಮೇಲೆಯೇ ಬರಬೇಕೆಂದು ಹೇಳಿ ಕಳುಹಿಸಿದ.

ಮರುದಿನ ಆತನೇ ಚಕ್ರ ಹಿಡಿದ. ನಾನು ನಡುವೆ ಇರುಕಿಕೊಂಡೆ, ಭಾವಮೈದುನ ಕಿಟಕಿಯ ಬಳಿ ಕುಳಿತ. ಮೊದಲ ಏಳೆಂಟು ಕಿಲೋಮೀಟರು ಏನೂ ಇಲ್ಲ. ಆಮೇಲೆ ಒಂದು ಎಡತಿರುವಿನಲ್ಲಿ ಬಂತು ನೋಡಿ, ಕಾಳಿಲ್ಲದ ಬೀಸುವ ಕಲ್ಲು! ಮುಂದಿನ ಬಲತಿರುವಿನಲ್ಲಿ ಅಡಗಿತು. ಮತ್ತೊಂದು ನೀಳವಾದ ಎಡತಿರುವಿನಲ್ಲಿ ಸದ್ದು ಎದ್ದಿದ್ದಾಗಲೇ ಆತ ಗೇರನ್ನು ನ್ಯೂಟ್ರಲಿಗೆ ತಂದ. ಎಂಜಿನ್ನಿನ ಮೊರೆತ ಇಳಿಯಿತು, ಅರೆಯುವುದು ನಿಲ್ಲಲಿಲ್ಲ. ಅಲ್ಲಿಗೆ ಎಂಜಿನ್ನು, ಕ್ಲಚ್ಚುಗಳ ಮೇಲಿನ ಅನುಮಾನ ತೊಲಗಿತು. ಬ್ರೇಕನ್ನು ಹಗುರವಾಗಿ ಮುಟ್ಟಿದಾಗ ಸದ್ದು ಗಾಲಿಯ ವೇಗದೊಡನೆ ನಿಧಾನವಾಯಿತೇ ಹೊರತು ಗುಣ ಬದಲಾಗಲಿಲ್ಲ. ಹೀಗೆ ಪರೀಕ್ಷಿಸುವಾಗ ಕೀಲಿ ತಿರುಗಿಸಿ ಎಂಜಿನ್ನನ್ನೇ ನಿಲ್ಲಿಸುವ ಹುಚ್ಚು ಬೇಡವೆಂದು ಆತ ಎಚ್ಚರಿಸಿದ. ಎಂಜಿನ್ನು ನಿಂತರೆ ಬ್ರೇಕಿಗೆ ಒದಗುವ ನೆರವು ಕುಗ್ಗುತ್ತದೆ, ಸ್ಟಿಯರಿಂಗ್ ಬಿಗಿಯಾಗಲೂಬಹುದು.

ಎಡಕ್ಕೆ ತಿರುಗುವಾಗ ಬಸ್ಸಿನಲ್ಲಿ ನಾವು ಬಲಕ್ಕೆ ವಾಲುವುದಿಲ್ಲವೆ? ಹೊರೆಯೂ ಹಾಗೆಯೇ ಬಲಗಾಲಿಗಳ ಮೇಲೆ ಕುಳಿತುಕೊಳ್ಳುತ್ತದೆ. ಪಿಕಪ್ಪಿನ ಹೊರೆ ಇರುವುದು ಬಹುಮಟ್ಟಿಗೆ ಹಿಂದಿನ ಅಚ್ಚಿನ ಮೇಲೆ. “ಬಲಗಡೆ ಹಿಂದಿನ ಗಾಲಿ” ಎಂದ ಮೇಸ್ತ್ರಿ. ಭಾವಮೈದುನ ಒಪ್ಪಲಿಲ್ಲ, ಸದ್ದು ತನ್ನ ಕಾಲಡಿಯಿಂದಲೇ ಬರುತ್ತದೆಂದು ಅವನು ಆಣೆಯಿಟ್ಟು ಹೇಳಬಲ್ಲವನಾಗಿದ್ದ. ಕಬ್ಬಿಣದ ಚಾಸಿಯುದ್ದಕ್ಕೂ ಹರಿದು ಬರುವ ಸದ್ದು ಕಿವಿಗೆ ದಿಕ್ಕನ್ನು ತಪ್ಪಿಸುತ್ತದೆ. ಅದಕ್ಕೆಂದೇ ಮೇಸ್ತ್ರಿ ಕಿವಿಗಿಂತ ತಿರುವನ್ನು ಹೆಚ್ಚು ನಂಬಿದ್ದು.

ಚಪ್ಪರಕ್ಕೆ ಮರಳಿದೊಡನೆ ಹಿಂಗೈಯನ್ನು ನಾಲ್ಕು ಗಾಲಿಗಳ ನಡುಭಾಗಕ್ಕೂ ಮುಟ್ಟಿಸದೆ ಸಮೀಪ ಹಿಡಿದು ನೋಡಿದ. ಬಲಹಿಂಬದಿಯದು ಮಿಕ್ಕವುಗಳಿಗಿಂತ ಬಿಸಿಯಾಗಿತ್ತು. ಮೂಟೆಗಳನ್ನು ಇಳಿಸಿ, ಮುಂದಿನ ಗಾಲಿಗಳಿಗೆ ಅಡ್ಡಗಲ್ಲು ಕೊಟ್ಟು, ಜಾಕಿನಿಂದ ಎತ್ತಿ, ಅಚ್ಚಿನ ಕೆಳಗೆ ಗಟ್ಟಿಯಾದ ಆಧಾರವಿಟ್ಟ. ಗಾಲಿಯನ್ನು ಒಂದು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಇನ್ನೊಂದು ಕೈಯನ್ನು ಸ್ಪ್ರಿಂಗಿನ ಮೇಲಿಟ್ಟ. ನನ್ನ ಕೈಯನ್ನೂ ಇಡಿಸಿದ. ಕಿವಿಗೆ ಏನೂ ಕೇಳಿಸದು. ಅಂಗೈಗೆ ಮಾತ್ರ ಮರಳು ಬೆರೆತ ಹಿಟ್ಟನ್ನು ಮುಟ್ಟಿದಂಥ ಸಣ್ಣ ಒರಟುತನ ತಿಳಿಯಿತು. ಎಡಗಾಲಿಯಲ್ಲಿ ಅದು ಇರಲಿಲ್ಲ.

ಬಿಚ್ಚಿದಾಗ ಬೇರಿಂಗಿನ ಹೊರಬಳೆಯ ಒಳಮೈಯಲ್ಲಿ ಹೆಬ್ಬೆರಳಿನ ಉಗುರಿನಷ್ಟು ಕಡೆ ಉಕ್ಕಿನ ಹೊಪ್ಪಳೆ ಎದ್ದುಹೋಗಿತ್ತು. ಹೊರೆಯಿಲ್ಲದಾಗ ಉರುಳೆಗಳು ಆ ಗುಳಿಯ ಮೇಲೆ ಹಗುರವಾಗಿ ಸರಿದುಹೋಗುತ್ತಿದ್ದವು. ಹೊರೆ ಬಿದ್ದು ಬಲಕ್ಕೆ ಒತ್ತಿದಾಗ ಅದರ ಅಂಚನ್ನು ಅರೆಯುತ್ತಿದ್ದವು. ಗ್ರೀಸು ಇರಬೇಕಾದ ಕಡೆ ತೆಳುವಾದ ಕರಿಯ ಎಣ್ಣೆಯಿತ್ತು. ಅಚ್ಚಿನೊಳಗಿನ ಎಣ್ಣೆಯನ್ನು ತಡೆಯುವ ಸೀಲು ಸವೆದು, ಜಿನುಗಿದ ಎಣ್ಣೆ ಗ್ರೀಸನ್ನು ತೊಳೆದುಹಾಕಿತ್ತು. ಭಾವಮೈದುನನಿಗೆ ಆಗ ನೆನಪಾಯಿತು: ಮೊದಲ ರಿಪೇರಿಯಲ್ಲಿ ಬಲಗಾಲಿಯಿಂದ ತೆಗೆದ ಹಳೆಯ ಲೈನಿಂಗ್ ಎಣ್ಣೆಯಲ್ಲಿ ನೆನೆದಿತ್ತು. ಆ ಎಣ್ಣೆ ಎಲ್ಲಿಂದ ಬಂತೆಂದು ಅಂದು ಯಾರೂ ಕೇಳಿರಲಿಲ್ಲ. ಎತ್ತಿನ ಬಂಡಿಯ ಕಾಲದಲ್ಲಿ ಕೀಲೆಣ್ಣೆ ಒಣಗಿದರೆ ಗಾಡಿ ಊರಿಗೆಲ್ಲ ಕೇಳುವಂತೆ ಅರಚುತ್ತಿತ್ತು. ಇಲ್ಲಿ ಮುಚ್ಚಿದ ಉಕ್ಕಿನೊಳಗೆ ಅದೇ ಕಥೆ ಗುಟ್ಟಾಗಿ ನಡೆದಿತ್ತು. ಹಾಗೆಯೇ ಓಡಿಸಿದ್ದರೆ ಬೇರಿಂಗ್ ಕಾದು ಕಚ್ಚಿಕೊಳ್ಳಬಹುದು, ಗಾಲಿ ಅಲ್ಲೇ ಬಿಗಿದು ನಿಲ್ಲಬಹುದು, ಕಳಚಿಯೂ ಹೋಗಬಹುದು ಎಂದು ಮೇಸ್ತ್ರಿ ದನಿಯೇರಿಸದೆ ಹೇಳಿದ. ಭಾವಮೈದುನ ಆ ಬಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ.

ಬೇರಿಂಗನ್ನೂ ಬಳೆಯನ್ನೂ ಜೋಡಿಯಾಗಿಯೇ ಬದಲಾಯಿಸಿ, ಸೀಲನ್ನೂ ಎಣ್ಣೆ ಕುಡಿದಿದ್ದ ಲೈನಿಂಗನ್ನೂ ಹೊಸದಾಗಿ ಹಾಕಿದ್ದಾಯಿತು. ಎಡಗಡೆಯದನ್ನೂ ಬದಲಾಯಿಸಿಬಿಡಿ ಎಂದು ಭಾವಮೈದುನ ಕೇಳಿಕೊಂಡ. ಮೇಸ್ತ್ರಿ ಅದನ್ನು ಬಿಚ್ಚಿ, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಹೊಸ ಗ್ರೀಸು ತುಂಬಿ ಹಾಗೆಯೇ ಕೂಡಿಸಿದ. “ಚೆನ್ನಾಗಿರೋದನ್ನ ಯಾಕೆ ತೆಗೀಬೇಕು? ನಾಲ್ಕು ಟ್ರಿಪ್ ಹೊಡೆದು ಬನ್ನಿ, ಬಿಸಿ ನೋಡುವ.”

ಮರುವಾರ ತುಂಬು ಹೊರೆಯೊಡನೆ ಶಿವಮೊಗ್ಗಕ್ಕೆ ಹೋದಾಗ ಅವನು ಮಂಡಗದ್ದೆಯ ಆಚೆಗೆ ಕಿಟಕಿಯ ಗಾಜನ್ನು ಪೂರ್ತಿ ಇಳಿಸಿ, ಒಂದೊಂದು ಎಡತಿರುವಿನಲ್ಲಿಯೂ ಕಿವಿಗೊಟ್ಟನಂತೆ. ಟಯರಿನ ಸದ್ದಿತ್ತು. ಹಿಂಬಾಗಿಲಿನ ಕೊಂಡಿ ಲಟಲಟ ಎನ್ನುತ್ತಿತ್ತು. ಅದು ಗಾಡಿ ಕೊಂಡ ವರ್ಷದಿಂದಲೂ ಇರುವುದೇ.